ಬ್ಲೂಟೂತ್ ಪ್ಯಾಚ್ ರಿವ್ಯೂ: ಪಕ್ಕದಲ್ಲಿ ಸ್ಕೀಮ್ಯಾಟಿಕ್ ಇರಲಿ

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಚುಚ್ಚಿದ್ರೆ ಅದು ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತೆ. ರಾಸ್ಪ್‌ಬೆರಿ ಪೈ 3ರಂಥ ಬೋರ್ಡಿನಲ್ಲಿ ಹಾಗಲ್ಲ. ಅಲ್ಲಿ ಬ್ಲೂಟೂತ್ ಚಿಪ್ ಯುಎಆರ್‌ಟಿಯ ಇನ್ನೊಂದು ತುದಿಯಲ್ಲಿ ಸುಮ್ಮನೆ ಕೂತಿರುತ್ತೆ. ಯಾರಾದರೂ ಹೇಳೋವರೆಗೂ ಲಿನಕ್ಸ್ ಕರ್ನಲ್‌ಗೆ ಅದು ಇರೋದೇ ಗೊತ್ತಾಗಲ್ಲ. ಹಾಗೆ ಹೇಳೋ ಕಡತವೇ ಡಿವೈಸ್ ಟ್ರೀ.

ಪ್ಯಾಚ್ ನೋಡೋಕೆ ತುಂಬಾ ಚಿಕ್ಕದು. ಯುಎಆರ್‌ಟಿ ನೋಡ್ ಒಳಗೆ 'ಬ್ಲೂಟೂತ್' ಅನ್ನೋ ಮರಿ ನೋಡ್. ಅದರಲ್ಲಿ ಚಿಪ್ ಯಾವುದು, ಗರಿಷ್ಠ ವೇಗ ಎಷ್ಟು, ಆನ್-ಆಫ್ ಮಾಡೋ ಜಿಪಿಐಒ ಯಾವುದು ಅನ್ನೋ ಮೂರ್ನಾಲ್ಕು ಸಾಲು. ಕಾಗುಣಿತ ತಪ್ಪಿದ್ರೆ, ಬೇಕಾದ ಪ್ರಾಪರ್ಟಿ ಬಿಟ್ಟುಹೋಗಿದ್ರೆ 'ಡಿಟಿಬಿಎಸ್ ಚೆಕ್' ಹಿಡಿಯುತ್ತೆ. ಆದರೆ ಅದು ನಿಮ್ಮ ಬೋರ್ಡನ್ನು ನೋಡಿಲ್ಲ. ಬರೆದದ್ದು ನಿಜವಾ ಅಂತ ನೋಡೋದು ರಿವ್ಯೂ ಮಾಡುವವರ ಕೆಲಸ. ಸ್ಕೀಮ್ಯಾಟಿಕ್ ತೆಗೆದಿಟ್ಟುಕೊಂಡು ಇಷ್ಟು ಕೇಳಿ:

1. ಯಾವ ಯುಎಆರ್‌ಟಿ? ಪೈ 3ರಲ್ಲಿ ಎರಡಿವೆ. ಮಿನಿ ಯುಎಆರ್‌ಟಿಯ ಬಾಡ್ ರೇಟ್ ಕೋರ್ ಕ್ಲಾಕ್ ಜೊತೆ ಬದಲಾಗುತ್ತೆ. ಅದಕ್ಕೇ ಬ್ಲೂಟೂತ್‌ಗೆ ಪಿಎಲ್011 ಕೊಟ್ಟಿದ್ದಾರೆ.

2. ಆರ್‌ಟಿಎಸ್, ಸಿಟಿಎಸ್ ತಂತಿಗಳಿವೆಯಾ? ಇದ್ದರೆ ಪಿನ್‌ಮಕ್ಸ್‌ನಲ್ಲೂ ಬಂದಿರಬೇಕು. ಇಲ್ಲದಿದ್ರೆ ಚಿಪ್ ಶುರುವಾಗುತ್ತೆ, ಡೇಟಾ ಜೋರಾಗಿ ಹರಿಯುವಾಗ ಬೈಟ್‌ಗಳು ಕಳೆದುಹೋಗುತ್ತವೆ.

3. ಜಿಪಿಐಒ ಆಕ್ಟಿವ್ ಹೈ ಆ, ಲೋ ಆ? ಉಲ್ಟಾ ಆದರೆ ಡ್ರೈವರ್ ಆನ್ ಮಾಡಿದೆ ಅಂದುಕೊಳ್ಳುತ್ತೆ, ಚಿಪ್ ಮಲಗಿರುತ್ತೆ. ಲಾಗ್‌ನಲ್ಲಿ ಕಾಣೋದು ಟೈಮ್‌ಔಟ್ ಮಾತ್ರ.

4. ರೆಗ್ಯುಲೇಟರ್ ವೋಲ್ಟೇಜ್ ಎಷ್ಟು? 1.8 ವೋಲ್ಟ್ ಪಿನ್‌ಗೆ 3.3 ಕೊಟ್ಟರೆ ಚಿಪ್ಪೇ ಸುಟ್ಟುಹೋಗಬಹುದು. ಉಳಿದ ತಪ್ಪುಗಳನ್ನು ಇನ್ನೊಂದು ಪ್ಯಾಚ್‌ನಲ್ಲಿ ಸರಿಮಾಡಬಹುದು, ಇದನ್ನಲ್ಲ.

5. ಬ್ಲೂಟೂತ್ ವಿಳಾಸವನ್ನು ಕಡತದಲ್ಲೇ ಬರೆದಿದ್ದಾರಾ? ಹಾಗಿದ್ರೆ ಆ ಮಾದರಿಯ ಎಲ್ಲಾ ಬೋರ್ಡ್‌ಗೂ ಒಂದೇ ವಿಳಾಸ! ಅದನ್ನು ಬೂಟ್ ಆಗುವಾಗ ಬೂಟ್‌ಲೋಡರ್ ತುಂಬಬೇಕು.

'ನನ್ನ ಬೋರ್ಡಲ್ಲಿ ಓಡ್ತಿದೆಯಲ್ಲ' ಅನ್ನೋ ಉತ್ತರ ಸಾಲದು. ಎಷ್ಟೋ ಸಲ ಬೂಟ್‌ಲೋಡರ್ ಮೊದಲೇ ಪಿನ್, ರೆಗ್ಯುಲೇಟರ್ ಸರಿಮಾಡಿಟ್ಟಿರುತ್ತೆ. ಪ್ಯಾಚ್ ತಪ್ಪಿದ್ದರೂ ಹೆಡ್‌ಫೋನ್ ಕನೆಕ್ಟ್ ಆಗುತ್ತೆ. ಬೂಟ್‌ಲೋಡರ್ ಬದಲಾದ ದಿನ ನಿಂತುಹೋಗುತ್ತೆ. ಜೊತೆಗೆ, ಹಳೇ ಡಿವೈಸ್ ಟ್ರೀ ಹೊಸ ಕರ್ನಲ್ ಜೊತೆಗೂ ಕೆಲಸ ಮಾಡಬೇಕು ಅನ್ನೋದು ನಿಯಮ. ಇವತ್ತು ಒಳಗೆ ಬಿಟ್ಟ ತಪ್ಪನ್ನು ಡ್ರೈವರ್ ವರ್ಷಗಟ್ಟಲೆ ಹೊರಬೇಕಾಗಬಹುದು. ಅದಕ್ಕೇ ಅಲ್ಲಿ ಬರೆಯಬೇಕಾದ್ದು ಹಾರ್ಡ್‌ವೇರ್ ಹೇಗಿದೆ ಅನ್ನೋದನ್ನು, ಡ್ರೈವರ್‌ಗೆ ಏನು ಅನುಕೂಲ ಅನ್ನೋದನ್ನಲ್ಲ.

ಕರ್ನಲ್ ಕೆಲಸ ಶುರುಮಾಡೋಕೆ ಡ್ರೈವರ್ ಬರೆಯಲೇಬೇಕು ಅಂತಿಲ್ಲ. ಸ್ಕೀಮ್ಯಾಟಿಕ್ ಸಿಗುವ ಒಂದು ಬೋರ್ಡ್ ಆರಿಸಿ, ಅದರ ಬ್ಲೂಟೂತ್ ನೋಡ್ ತೆರೆಯಿರಿ. ಪ್ರತಿ ಸಾಲಿಗೂ ಒಂದು ತಂತಿ ಹುಡುಕಿ. ಇಸಿಯವರು ತಂತಿ ತೋರಿಸಲಿ, ಸಿಎಸ್‌ನವರು ಸಾಲು ಓದಲಿ. ತಂತಿ ಸಿಗದ ಸಾಲು ಬಂತಾ? ರಿವ್ಯೂನಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದೇ.