ಹಣೆಯಿಂದ ಇಳಿದ ಮೂಗು

ತಂಗಿಯ ಮಗ ಸೈಕಲ್ಲಿನಿಂದ ಬಿದ್ದು ಮೂಗು ಸೀಳಿಕೊಂಡ. ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟಿಕೊಂಡಿದೆಯೇ ಎಂದು ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ಕೂದಲೆಳೆಯಂಥ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದರು, ಐದನೇ ದಿನ ಬಿಚ್ಚಿದರು. ಮುಖಕ್ಕೆ ರಕ್ತದ ಹರಿವು ಧಾರಾಳ, ಗಾಯ ಬೇಗ ಕೂಡುತ್ತದೆ. ಕೂಡದೆ ಉಳಿದದ್ದು ವಿಮೆಯ ಲೆಕ್ಕ. ಡಿಸ್ಚಾರ್ಜ್ ಚೀಟಿಯಲ್ಲಿ ಎಸ್ 01.4 ಎಂದು ಬರೆದಿದ್ದರು. ಅದು ಕೆನ್ನೆಯ ಗಾಯದ ಸಂಕೇತ. ಮೂಗಿನದು ಎಸ್ 01.2. ಅದನ್ನು ತಿದ್ದಿಸಲು ಕೌಂಟರಿಗೆ ಮೂರು ಸಲ ಅಲೆದೆ.

ಕಾಯುತ್ತ ಕೂತಾಗ ಫೋನಿನಲ್ಲಿ ಆ ಸಂಕೇತಗಳ ಪಟ್ಟಿಯನ್ನೇ ಓದತೊಡಗಿದೆ. ಮೂಗು ಪೂರ್ತಿ ತುಂಡಾಗಿ ಹೋದರೆ ಎಸ್ 08.8. ಮಣಿಕಟ್ಟಿನಿಂದ ಕೈ ಹೋದರೆ ಎಸ್ 68.4. ಆದದ್ದು ಯುದ್ಧದಲ್ಲಾದರೆ ಜೊತೆಗೆ ವೈ 36. ಮೂರನ್ನೂ ಕೂಡಿಸಿದರೆ ಒಬ್ಬ ಮನುಷ್ಯ ಎದ್ದು ಬರುತ್ತಾನೆ: ಕಾವಸ್‌ಜಿ.

ಇವನು ಮರಾಠಿ ಒಕ್ಕಲಿನವನು, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಪಡೆಯನ್ನು ಅದೇ ಸ್ಥಿತಿಯಲ್ಲಿ ಬಂದು ಸೇರಿದ. ಈಸ್ಟ್ ಇಂಡಿಯಾ ಕಂಪನಿ ಪಿಂಚಣಿ ಕೊಟ್ಟಿತು. ಮೂಗಿಲ್ಲದೆ ವರ್ಷದ ಮೇಲಾಯಿತು. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ.

ಕಟ್ಟಿದ ಬಗೆ ನೋಡಿ. ಮೊದಲು ಮೇಣವನ್ನು ತೆಳ್ಳಗೆ ತಟ್ಟಿ, ಉಳಿದ ಮೊಂಡಿನ ಮೇಲೆ ಕೂರಿಸಿ, ಮೂಗಿನ ಆಕಾರ ತಂದ. ಆ ಮೇಣವನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿ ಹಾಸಿ ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ, ಎರಡು ಕಣ್ಣುಗಳ ನಡುವೆ ಸಣ್ಣದೊಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಬಿಟ್ಟ. ಜಾಣತನವೆಲ್ಲ ಆ ಪಟ್ಟಿಯಲ್ಲಿದೆ: ಹೊಸ ಜಾಗದಲ್ಲಿ ಬೇರೂರುವ ತನಕ ಚರ್ಮಕ್ಕೆ ರಕ್ತ ಬರುವುದು ಅದರ ಮೂಲಕವೇ. ಹಳೆಯ ಗಾಯದ ಅಂಚನ್ನು ಹೆರೆದು ಹಸಿಯಾಗಿಸಿ, ಚರ್ಮವನ್ನು ಅರೆಸುತ್ತು ತಿರುಗಿಸಿ ಕೆಳಗಿಳಿಸಿ, ಕೊಯ್ದ ಸೀಳಿನೊಳಗೆ ಸಿಕ್ಕಿಸಿದ. ಹೊಲಿಗೆಯ ಮಾತೇ ಇಲ್ಲ. ನಾವು ಎಲೆಅಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ, ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪದರ ಅಂಟಿಸಿದ್ದಷ್ಟೇ. ನಾಲ್ಕು ದಿನ ಕಳೆದ ಮೇಲೆ ತುಪ್ಪದ ಬಟ್ಟೆ. ಸುಮಾರು 25ನೇ ದಿನ ಕಣ್ಣ ನಡುವಿನ ಪಟ್ಟಿಗೂ ಕತ್ತರಿ.

ಇದನ್ನು ಕಂಪನಿಯ ಇಬ್ಬರು ವೈದ್ಯರು ಕಣ್ಣಾರೆ ಕಂಡರು. ಜೇಮ್ಸ್ ವೇಲ್ಸ್ ಎಂಬ ಕಲಾವಿದ ಕಾವಸ್‌ಜಿಯ ಚಿತ್ರ ಬರೆದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಅದನ್ನು ವಿವರಣೆಯೊಂದಿಗೆ ಅಚ್ಚುಹಾಕಿತು. ಪಿಂಚಣಿದಾರನ ಹೆಸರಿದೆ, ನಿಂತು ನೋಡಿದ ಡಾಕ್ಟರರ ಹೆಸರಿದೆ. ಮೇಣ ತಟ್ಟಿದವನಿಗೆ ಮಾತ್ರ ಕುಲವಷ್ಟೇ.

ಶ್ರೇಯಸ್ಸೆಲ್ಲ ಪುಣೆಯ ಖಾತೆಗೆ ಹೋಯಿತೆಂಬ ಸಣ್ಣ ಮುನಿಸೂ ನನಗಿದೆ. ಮೂಗು ಕೊಯ್ಯುವ ಶಿಕ್ಷೆಯಾಗಲಿ ಕಟ್ಟುವ ಕೈಚಳಕವಾಗಲಿ ಆಗ ಹೊಸತಲ್ಲ. 1686ರಲ್ಲಿ ಔರಂಗಜೇಬನ ಸೈನ್ಯ ನಮ್ಮ ಬಿಜಾಪುರವನ್ನು ಮುತ್ತಿದ್ದಾಗ, ಸೌದೆ ಹುಲ್ಲು ತರಲು ಪಾಳೆಯದಿಂದ ಹೊರಬಿದ್ದ ಮೊಗಲರ ಆಳುಗಳನ್ನು ಬಿಜಾಪುರದವರು ಹಿಡಿದು, ಕೊಲ್ಲದೆ, ಮೂಗು ಕೊಯ್ದು ಕಳಿಸುತ್ತಿದ್ದರಂತೆ. ಇಲ್ಲಿನ ವೈದ್ಯರು ಹುಬ್ಬಿನ ಮೇಲಿನ ಚರ್ಮವನ್ನು ಕೊಯ್ದು, ತಿರುಚಿ ಇಳಿಸಿ ಮೂಗು ಮಾಡಿಕೊಡುತ್ತಿದ್ದುದನ್ನು ವೆನಿಸಿನ ಮನೂಚಿ ಬರೆದಿಟ್ಟಿದ್ದಾನೆ. ಅಂಥ ಮೂಗಿನವರನ್ನು ಅವನು ಎಷ್ಟೋ ಮಂದಿ ಕಂಡಿದ್ದ. ಚರ್ಮ ತಿರುಚಿದ ಕಡೆ, ಹುಬ್ಬುಗಳ ನಡುವೆ, ಒಂದು ಗುಳಿ ಉಳಿಯುತ್ತಿತ್ತು. ಕಾವಸ್‌ಜಿಗಿಂತ ನೂರು ವರ್ಷ ಹಿಂದಿನ ಮಾತಿದು. ಸುಶ್ರುತ ಇನ್ನೂ ಎಷ್ಟೋ ಹಿಂದಿನವನು, ಆದರೆ ಅವನು ಚರ್ಮ ತೆಗೆದದ್ದು ಕೆನ್ನೆಯಿಂದ. ಹಣೆಗೆ ಯಾರು ಯಾವಾಗ ಏರಿದರೋ.

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಮ್ಯಾಗಝೀನಿನ ಆ ವರದಿಯ ಬೆನ್ನು ಹತ್ತಿದ. ಹೆಣಗಳ ಮೇಲೆ ಕೈ ಪಳಗಿಸಿಕೊಂಡು, 1814ರ ಅಕ್ಟೋಬರಿನಲ್ಲಿ ಒಬ್ಬ ಸೇನಾಧಿಕಾರಿಗೆ ಹಣೆಯಿಂದ ಮೂಗು ಇಳಿಸಿದ. ಇವನ ಮೂಗು ಹೋದದ್ದು ಕತ್ತಿಯಿಂದಲ್ಲ, ಪಾದರಸದ ಔಷಧದಿಂದ. 1816ರಲ್ಲಿ ಕಾರ್ಪ್ಯೂ ಪುಸ್ತಕ ತಂದ. ಯುರೋಪಿನಲ್ಲಿ ಇದಕ್ಕೆ ‘ಇಂಡಿಯನ್ ವಿಧಾನ’ ಎಂದೇ ಹೆಸರಾಯಿತು. ದೇಶದ ಹೆಸರಾದರೂ ಸಿಕ್ಕಿತಲ್ಲ!

ಇನ್ನು ನನ್ನನ್ನು ಕೌಂಟರಿಗೆ ಅಲೆಸಿದ ಸಂಕೇತಗಳ ಕತೆ. 1893ರಲ್ಲಿ ಜಾಕ್ ಬರ್ತಿಯೋಂ ಎಂಬ ಫ್ರೆಂಚರವ ಮುಂದಿಟ್ಟ ಪಟ್ಟಿ ಅದರ ಮೂಲ, ಅದು ಬರೀ ಸಾವಿನ ಕಾರಣಗಳದು. ಗಾಯವಾಗಿ ಬದುಕಿ ಉಳಿದವರಿಗೆ ಅದರಲ್ಲಿ ಸರಿಯಾದ ಜಾಗ ಸಿಕ್ಕಿದ್ದು 1948ರ ಆರನೇ ಪರಿಷ್ಕರಣೆಯಲ್ಲಿ. ಅಲ್ಲಿಯವರೆಗೆ ಕಾವಸ್‌ಜಿಯಂಥವನು ಲೆಕ್ಕಕ್ಕೆ ಬರಬೇಕಿದ್ದರೆ ಸಾಯಬೇಕಿತ್ತು.

ಮೂರನೇ ಸಲ ಹೋದಾಗ ತಿದ್ದಿದ ಚೀಟಿ ಸಿಕ್ಕಿತು. ಎಸ್ 01.2 ಸರಿಯಾಗಿತ್ತು, ಹುಡುಗನ ಹೆಸರು, ವಯಸ್ಸು, ಬಿದ್ದ ದಿನ ಎಲ್ಲ ಇತ್ತು. ಕೆಳಗೆ ಹೊಲಿಗೆ ಹಾಕಿದ ಡಾಕ್ಟರ ಸಹಿ. ಬೆಳಕಿಗೆ ಹಿಡಿದು ನೋಡಿದೆ, ಕೌಂಟರಿನವಳನ್ನೂ ಕೇಳಿದೆ. ಅವಳಿಗೂ ಓದಲು ಬರಲಿಲ್ಲ.