ತಂಡಕ್ಕೆ ಇನ್ಸೆಂಟಿವ್ ಕೊಟ್ಟರೆ ಕೆಲಸ ಹೆಚ್ಚುತ್ತದೆಯೇ?

ಹೊಲಿದ ಪ್ರತಿ ಪೀಸಿಗೆ ಇಷ್ಟು ಎಂದು ಕೂಲಿ ಕೊಡುವುದು ಪೀಸ್ ರೇಟ್. ಆ ಲೆಕ್ಕವನ್ನು ಒಬ್ಬೊಬ್ಬರಿಗೆ ಹಾಕದೆ ಇಡೀ ತಂಡಕ್ಕೆ ಹಾಕಿ, ಬಂದ ಹಣವನ್ನು ಸಮನಾಗಿ ಹಂಚಿದರೆ ಅದು ತಂಡದ ಇನ್ಸೆಂಟಿವ್.

ನಿಮ್ಮ ಅನುಮಾನ ಗೊತ್ತು. ಏಳು ಜನರ ತಂಡದಲ್ಲಿ ನಾನು 70 ರೂಪಾಯಿಯ ಕೆಲಸ ಹೆಚ್ಚು ಮಾಡಿದರೆ ನನಗೆ ಸಿಗುವುದು 10 ರೂಪಾಯಿ. ಮೈಗಳ್ಳರಿಗೆ ಇನ್ನೇನು ಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಕೊರೆಟ್ ಎಂಬ ಕಂಪನಿಯ ಗಾರ್ಮೆಂಟ್ಸ್ ಕಾರ್ಖಾನೆ 1990ರ ದಶಕದಲ್ಲಿ ಇದನ್ನು ಮಾಡಿ ನೋಡಿತು. ಮೊದಲು ಅಲ್ಲಿ ಒಬ್ಬೊಬ್ಬರದು ಒಂದೊಂದು ಹೊಲಿಗೆ. ತಮ್ಮ ಬಂಡಲ್ ಮುಗಿಸಿದರೆ ಆಯಿತು, ಪಕ್ಕದವರ ಮುಂದೆ ಬಟ್ಟೆ ರಾಶಿ ಬಿದ್ದರೆ ತಮಗೇನು? ಆಮೇಲೆ ಆರೇಳು ಜನರ ತಂಡಗಳಾದವು. ಈಗ ಒಬ್ಬರ ಹತ್ತಿರ ಕೆಲಸ ನಿಂತರೆ ಎಲ್ಲರ ದುಡ್ಡೂ ನಿಲ್ಲುತ್ತದೆ. ಹಾಗಾಗಿ ಕೈ ಖಾಲಿ ಇದ್ದವರು ಎದ್ದು ಹೋಗಿ ನೆರವಾಗಲೇಬೇಕು.

ಹ್ಯಾಮಿಲ್ಟನ್, ನಿಕರ್ಸನ್, ಓವಾನ್ ಎಂಬ ಸಂಶೋಧಕರು ಈ ಕಾರ್ಖಾನೆಯ ಮೂರು ವರ್ಷದ ಲೆಕ್ಕ ತೆಗೆದು 2003ರಲ್ಲಿ ಪ್ರಕಟಿಸಿದರು. ಉತ್ಪಾದಕತೆ, ಅಂದರೆ ಅದೇ ಹೊತ್ತಿನಲ್ಲಿ ತೆಗೆಯುವ ಕೆಲಸ, ಸರಾಸರಿ ಶೇ. 14 ಏರಿತ್ತು. ವಿಚಿತ್ರವೆಂದರೆ, ಹಲವರ ಆದಾಯ ಇಳಿದರೂ ಚುರುಕಿನವರೇ ಹೆಚ್ಚಾಗಿ ಮೊದಲು ತಂಡ ಸೇರಿದ್ದರು. ಕೈ ಚುರುಕಿನವರೂ ನಿಧಾನದವರೂ ಬೆರೆತ ತಂಡಗಳು ಹೆಚ್ಚು ಕೆಲಸ ತೆಗೆದವು. ಒಬ್ಬರಿಂದ ಒಬ್ಬರು ಕಲಿತದ್ದು ಇದಕ್ಕೆ ಒಂದು ಕಾರಣವಿರಬಹುದು. ತಡವಾಗಿ ಶುರುವಾದ ತಂಡಗಳಲ್ಲಿ ಮಾತ್ರ ಲಾಭ ಅಷ್ಟಿರಲಿಲ್ಲ.

ಖರ್ಚು ಗಿಟ್ಟುತ್ತದೆಯೇ? ಜರ್ಮನಿಯ ಒಂದು ಬೇಕರಿ ಸರಣಿಯಲ್ಲಿ ಅಂಗಡಿಯ ಸಿಬ್ಬಂದಿಗೆಲ್ಲ ಸೇರಿಸಿ ಬೋನಸ್ ಇಟ್ಟಾಗ ಮಾರಾಟ ಸುಮಾರು ಶೇ. 3 ಏರಿತು. ಬೋನಸ್‌ಗೆ ಹಾಕಿದ ಹಣಕ್ಕಿಂತ ಹೆಚ್ಚೇ ಲಾಭವಾಗಿ ಬಂತು.

ತಂಡ ದೊಡ್ಡದಾದರೆ ಕಥೆ ಬೇರೆ. ನಮ್ಮ ರೈಲ್ವೆಯ ಪಿಎಲ್‌ಬಿ, ಅಂದರೆ ಉತ್ಪಾದಕತೆಯ ಲೆಕ್ಕದಲ್ಲಿ ಕೊಡುವ ಬೋನಸ್, ಹಲವು ವರ್ಷಗಳಿಂದ 78 ದಿನದ ಸಂಬಳ, ಗರಿಷ್ಠ 17,951 ರೂಪಾಯಿ. ಲಕ್ಷಾಂತರ ನೌಕರರಲ್ಲಿ ಅರಸೀಕೆರೆಯ ಒಬ್ಬ ಪಾಯಿಂಟ್ಸ್‌ಮನ್ ಎಷ್ಟು ಚುರುಕಾದರೂ ದೆಹಲಿಯ ಲೆಕ್ಕ ಅಲುಗಾಡದು. ದಸರಾ ಖರ್ಚಿಗೆ ಒದಗುತ್ತದೆ, ಅಷ್ಟೆ.

ನಿಮ್ಮ ಕಾರ್ಖಾನೆಯಲ್ಲೂ ಇಂಥ ಯೋಜನೆ ಬಂದರೆ ಎಚ್.ಆರ್. ಅವರನ್ನು ಕೇಳಿ: ತಂಡದಲ್ಲಿ ಎಷ್ಟು ಜನ? ಮೆಷಿನ್ ಕೆಟ್ಟ ದಿನ, ಒಬ್ಬರು ರಜೆ ಹಾಕಿದ ದಿನ ಟಾರ್ಗೆಟ್ ಇಳಿಸುತ್ತೀರಾ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇನ್ಸೆಂಟಿವ್ ನೆಪದಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೊಟ್ಟರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.