ಇಪ್ಪತ್ತೊಂದರಿಂದ ಒಂದಕ್ಕೆ

ಬೆಳಗಿನ ಏಳಕ್ಕೆ ಮುಂಚೆ ಬೂರ್ ದ್ವಾಜಾಂ ಊರಿನ ಬೀದಿಗಳಲ್ಲಿ ಮಾತು ಕಡಿಮೆ, ಸದ್ದು ಜಾಸ್ತಿ. ಸೈಕಲ್ ಬೂಟಿನ ಅಡಿಯ ಕ್ಲೀಟು ರಸ್ತೆಗೆ ಬಡಿಯುವ ಟಕಟಕ, ಟೈರಿಗೆ ಕೊನೆಯ ಸಲ ಗಾಳಿ ತುಂಬುವ ಪಂಪಿನ ಬುಸುಬುಸು, ಯಾರದೋ ಚೈನು ಹಲ್ಲಿನಿಂದ ಹಲ್ಲಿಗೆ ಜಿಗಿದ ಕಟಕ್. ಸುತ್ತ ಕಡಿದಾದ ಬೆಟ್ಟಗಳು, ತಳದಲ್ಲಿ ಸುಮಾರು 720 ಮೀಟರ್ ಎತ್ತರದಲ್ಲಿ ಈ ಪುಟ್ಟ ಊರು. ಬಿಸಿಲು ಶಿಖರಗಳನ್ನು ಮುಟ್ಟಿದೆ, ಬೀದಿಗೆ ಇನ್ನೂ ಇಳಿದಿಲ್ಲ. ಬೇಸಿಗೆಯಾದರೂ ಮೊಣಕಾಲು ತಣ್ಣಗಿದೆ. ಡಚ್ಚರು, ಬೆಲ್ಜಿಯಂನವರು, ಇಟಲಿಯವರು, ಮಧ್ಯೆ ಎಲ್ಲೋ ಬೆಂಗಳೂರು–ಮೈಸೂರು ಕಡೆಯ ನಾವಿಬ್ಬರು. ಬ್ಯಾಂಕಿನವರು, ದಾದಿಯರು, ಬಡಗಿಗಳು, ಕಂಪ್ಯೂಟರಿನವರು ರಜೆ ಹಾಕಿ ಬಂದಿದ್ದಾರೆ. ಇವರಿಗೆ ಸೈಕಲ್ ಹೊಟ್ಟೆಪಾಡಲ್ಲ.

ಇದು ಲಾ ಮಾರ್ಮೊಟ್, 1982ರಲ್ಲಿ ಶುರುವಾದ ಹವ್ಯಾಸಿಗಳ ಸೈಕಲ್ ಓಟ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಒಂದೇ ದಿನ ಸುಮಾರು 175 ಕಿ.ಮೀ. ದಾರಿ, ಎಲ್ಲ ಏರು ಕೂಡಿಸಿದರೆ ಸುಮಾರು 5,000 ಮೀಟರ್. ಬೆಂಗಳೂರಿನ ಸೈಕಲ್ ಮಂದಿ ಭಾನುವಾರ ಬೆಳಗ್ಗೆ ಹತ್ತುವ ನಂದಿಬೆಟ್ಟವನ್ನು ಬುಡದಿಂದ ನೆತ್ತಿಗೆ ಹತ್ತು ಸಲ ಹತ್ತಿದರೂ ಈ ಲೆಕ್ಕ ತುಂಬುವುದಿಲ್ಲ. ಮಾರ್ಮೊಟ್ ಎಂಬುದು ಇಲ್ಲಿನ ಹುಲ್ಲುಗಾವಲುಗಳಲ್ಲಿ ಬಿಲ ತೋಡಿ ಬದುಕುವ, ಅಳಿಲಿನ ಬಳಗದ ಒಂದು ದಪ್ಪ ಪ್ರಾಣಿ. ಚಳಿಗಾಲವಿಡೀ ಮಲಗಿ ಕಳೆಯುತ್ತದೆ. ಇಂಥ ಓಟಕ್ಕೆ ಅದರ ಹೆಸರಿಟ್ಟವರು ತಮಾಷೆಯ ಜನವೇ ಇರಬೇಕು.

ಸಾವಿರಾರು ಮಂದಿಯನ್ನು ತಂಡತಂಡವಾಗಿ ಬಿಡುತ್ತಾರೆ. ಮೊದಲ ಕೆಲವು ಕಿಲೋಮೀಟರ್ ಸಮತಟ್ಟು. ಅಲ್ಲಿ ಎಲ್ಲರೂ ಚಾಂಪಿಯನ್ನರೇ, ಎಲ್ಲರ ತೊಡೆಯಲ್ಲೂ ಹೊಸ ಬಲ. ಆಮೇಲೆ ಗ್ಲಾಂದೋಂ ಏರು. 1,924 ಮೀಟರಿನ ಈ ಕಣಿವೆಬಾಯಿ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟೇ ಎತ್ತರ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಮೇಲಿರುವ ಜಾಗ ಇಲ್ಲಿ ಬೆಳಗಿನ ಮೊದಲ ಕೆಲಸ. ಅರ್ಧ ಹತ್ತಿದ ಮೇಲೆ ರಸ್ತೆ ಸರಕ್ಕನೆ ಇಳಿದು, ಸಂಪಾದಿಸಿದ ಎತ್ತರವನ್ನು ಕಸಿದುಕೊಂಡು, ಮತ್ತೆ ಕಡಿದಾಗಿ ಏಳುತ್ತದೆ. ಹತ್ತಿದ್ದನ್ನೇ ಮತ್ತೆ ಹತ್ತಿಸುವ ರಸ್ತೆಯ ಮೇಲೆ ಬರುವ ಸಿಟ್ಟನ್ನು ಸೈಕಲ್ ತುಳಿದವರೇ ಬಲ್ಲರು. ಗ್ರಾಂ ಮೇಜೋಂ ಜಲಾಶಯದ ನೀರು ಕಂಡಾಗ ಸಿಟ್ಟು ಸ್ವಲ್ಪ ತಗ್ಗುತ್ತದೆ.

ಇಲ್ಲಿ ಪಕ್ಕದಲ್ಲಿ ಸರಿದು ಹೋಗುವವರನ್ನು ಹೋಗಲು ಬಿಡಬೇಕು. ಹೇಳಲು ಸುಲಭ. ಎಪ್ಪತ್ತರ ಹತ್ತಿರದ ಅಜ್ಜನೊಬ್ಬ ಉಸಿರೂ ಏರದೆ ದಾಟಿ ಹೋದಾಗ ಕಾಲು ತಾನಾಗಿಯೇ ಜೋರಾಗುತ್ತದೆ, ಅದನ್ನು ತಡೆದು ಹಿಡಿಯಬೇಕು. ಮೈ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುವ ಸಕ್ಕರೆ ಇಂಥ ದುಡಿಮೆಗೆ ಕೆಲವೇ ಗಂಟೆ ಬರುತ್ತದೆ. ಉಳಿದದ್ದನ್ನು ದಾರಿಯುದ್ದಕ್ಕೂ ತಿಂದೇ ತುಂಬಿಸಬೇಕು, ತಿಂದದ್ದೂ ಖರ್ಚಿನ ವೇಗಕ್ಕೆ ಸಾಲದು. ಗ್ಲಾಂದೋಂನಲ್ಲೇ ಮೆರೆದವನ ಪಾಡು ತಿಂಗಳ ಮೊದಲ ವಾರವೇ ಸಂಬಳ ಮುಗಿಸಿದವನ ಪಾಡು. ವೃತ್ತಿಪರರ ಓಟದಲ್ಲಿ ಒಬ್ಬ ಇನ್ನೊಬ್ಬನನ್ನು ಸೋಲಿಸಬೇಕು. ಹವ್ಯಾಸಿಯ ಓಟ ಬಹುಮಟ್ಟಿಗೆ ಉಳಿತಾಯದ ಲೆಕ್ಕ. ಹೊರಗಿನವರಿಗೆ ಅದರಲ್ಲಿ ಸಾಹಸ ಕಾಣುತ್ತದೆ. ಒಳಗಿರುವವನ ತಲೆಯಲ್ಲಿ ಓಡುವುದು ಜಿಪುಣನ ಲೆಕ್ಕ.

ಗ್ಲಾಂದೋಂ ಇಳುಕಲಿಗೆ ಗಡಿಯಾರವಿಲ್ಲ. ನೆತ್ತಿಯಲ್ಲಿ ಒಂದು ಪಟ್ಟಿ ದಾಟಿದರೆ ಎಣಿಕೆ ನಿಲ್ಲುತ್ತದೆ, ಕೆಳಗೆ ಇನ್ನೊಂದನ್ನು ದಾಟಿದರೆ ಮತ್ತೆ ಶುರು. ಈ ಕಡಿದಾದ, ಕಿರಿದಾದ ಇಳಿಜಾರಿನಲ್ಲಿ ಕೆಟ್ಟ ಅಪಘಾತಗಳಾದ ಮೇಲೆ ಬಂದ ನಿಯಮ. ಸೋಮವಾರ ಕಚೇರಿಗೆ ಹೋಗಬೇಕಾದವರನ್ನು ಒಂದು ನಿಮಿಷದ ಆಸೆಗೆ ಬಂಡೆಗೆ ಬಡಿಯಗೊಡದ ಈ ನಿಯಮವನ್ನು ಎಲ್ಲ ಓಟಗಳೂ ಕಡ ತಂದುಕೊಳ್ಳಬಹುದು. ಕೆಲವರು ತಿರುವಿನಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ಇನ್ನು ಕೆಲವರು ಗಡಿಯಾರ ನಿಂತಿದೆ ಎಂಬುದನ್ನೇ ಮರೆತು ಹಾರುತ್ತಾರೆ.

ಕೆಳಗೆ ಮೋರಿಯೆನ್ ಕಣಿವೆ. ಪೋಸ್ಟರುಗಳಲ್ಲಿ ಇದು ಬರುವುದಿಲ್ಲ. ಹೆದ್ದಾರಿ, ರೈಲು ಹಳಿ, ಸಾಂ ಜಾಂ ಊರಿನ ಅಲ್ಯೂಮಿನಿಯಂ ಕಾರ್ಖಾನೆ, ಮುಖಕ್ಕೆ ಬಡಿಯುವ ಗಾಳಿ. ಒಬ್ಬನೇ ತುಳಿದರೆ ಮುಗಿದಂತೆ. ಮುಂದಿನವನ ಹಿಂದಿನ ಚಕ್ರಕ್ಕೆ ಒಂದಡಿ ಅಂತರದಲ್ಲಿ ನಿಮ್ಮ ಮುಂದಿನ ಚಕ್ರ ಇಟ್ಟುಕೊಂಡರೆ ಕಾಲು ಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ. ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಮುಂದಿರುವವನು ದಣಿದಾಗ ಮೊಣಕೈ ಒಮ್ಮೆ ಅಲುಗಿಸಿ ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವನು ಗಾಳಿಗೆ ಎದೆ ಕೊಡುತ್ತಾನೆ. ಸರದಿ ಬಂದಾಗ ಮುಂದೆ ಹೋಗದೆ ಹಿಂದೆಯೇ ಅವಿತುಕೊಳ್ಳುವವನೂ ಪ್ರತಿ ಗುಂಪಿನಲ್ಲಿ ಒಬ್ಬನಿರುತ್ತಾನೆ. ಅವನಿಗೆ ಬೈಗುಳ ಐದಾರು ಭಾಷೆಗಳಲ್ಲಿ ಬೀಳುತ್ತದೆ, ನಮ್ಮ ಕಡೆಯಿಂದ ಮೈಸೂರಿನದೂ ಒಂದು ಸೇರಿತು.

ಟೆಲಿಗ್ರಾಫ್ ಏರು ಹನ್ನೆರಡು ಕಿಲೋಮೀಟರ್, ಕಾಡಿನ ನೆರಳು, ಒಂದೇ ಹದ. ಬೇರೆಡೆ ಇದ್ದಿದ್ದರೆ ದೊಡ್ಡ ಬೆಟ್ಟ ಎನಿಸಿಕೊಳ್ಳುತ್ತಿತ್ತು. ಇಲ್ಲಿ ಅದು ಬರೀ ಹೊಸ್ತಿಲು.

ಹೊಸ್ತಿಲು ದಾಟಿದರೆ ವಲ್ವಾರ್ ಊರು, ಅಲ್ಲಿಂದ ಮುಂದೆ ಹದಿನೆಂಟು ಕಿಲೋಮೀಟರ್ ಗಾಲಿಬಿಯೇ. 2,642 ಮೀಟರ್. ಊಟಿಯ ದೊಡ್ಡಬೆಟ್ಟಕ್ಕಿಂತ ಐದು ಮೀಟರ್ ಮೇಲೆ. ದೊಡ್ಡಬೆಟ್ಟದ ನೆತ್ತಿಗೆ ಹೋಗುವ ನಮ್ಮ ಜನ ಜೀಪಿನಿಂದ ಇಳಿದು, ಸ್ವೆಟರ್ ಎಳೆದುಕೊಂಡು, ಬಿಸಿ ಬೋಂಡಾ ಹುಡುಕುತ್ತಾರೆ. ಇಲ್ಲಿ ಅಷ್ಟು ಎತ್ತರಕ್ಕೆ ನೂರು ಕಿಲೋಮೀಟರ್ ತುಳಿದ ಕಾಲುಗಳು ಮಧ್ಯಾಹ್ನದ ಬಿಸಿಲಲ್ಲಿ ಹೋಗುತ್ತಿವೆ. ಮೊದಲರ್ಧ ಕಣಿವೆ ತೆರೆದುಕೊಂಡಿದೆ, ಏರು ಸಲೀಸು, ಹಸುಗಳ ಗಂಟೆ ಕೇಳಿಸುತ್ತದೆ. ಪ್ಲಾಂ ಲಾಶಾ ಎಂಬಲ್ಲಿ ಸೇತುವೆ ದಾಟಿದೊಡನೆ ರಸ್ತೆ ತಿರುಗಿ ಬೆಟ್ಟದ ಮೈಗೆ ಏರಿಬಿಡುತ್ತದೆ. ಅಲ್ಲಿಂದ ಕೊನೆಯ ಎಂಟು ಕಿಲೋಮೀಟರ್ ನೂರಕ್ಕೆ ಎಂಟರ ಮೇಲಿನ ಏರು. ಮರ ಎಂಬುದಿಲ್ಲ. ತಲೆ ಎತ್ತಿದರೆ ಮೂರು ಮಡಿಕೆ ಮೇಲೆ ಬಣ್ಣಬಣ್ಣದ ಚುಕ್ಕಿಗಳು ಚಲಿಸದಂತೆ ಚಲಿಸುತ್ತಿವೆ. ಅವೂ ಸವಾರರೇ. ತಲೆ ಎತ್ತದಿರುವುದು ಒಳ್ಳೆಯದು.

ನೆತ್ತಿಯ ಹತ್ತಿರ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲು ಭಾಗ ಕಡಿಮೆ. ಎಳೆದ ಉಸಿರು ಪೂರ್ತಿ ಬಂದ ಹಾಗೆ ಅನಿಸುವುದಿಲ್ಲ. ಗೇರು ಆಗಲೇ ಕೊನೆಯ ಹಲ್ಲಿನಲ್ಲಿದೆ, ಬೆರಳು ಮಾತ್ರ ಇನ್ನೂ ಒಂದು ಇರಬಹುದೆಂದು ಲಿವರ್ ಒತ್ತಿ ನೋಡುತ್ತಲೇ ಇರುತ್ತದೆ. ಜೇಬಿನಲ್ಲಿ ಊರಿಂದ ತಂದ ಕಡಲೆಮಿಠಾಯಿ. ಅದನ್ನು ಅಗಿಯುವುದು, ಉಸಿರಾಡುವುದು ಎರಡೂ ಒಟ್ಟಿಗೆ ಆಗದ ಕೆಲಸ. ಇಂಥ ಏರಿಗೆ ಖರ್ಜೂರವೇ ಸರಿ. ಕೆಲವರು ಇಳಿದು ಸೈಕಲ್ ತಳ್ಳುತ್ತಿದ್ದಾರೆ. ಒಬ್ಬಾಕೆ ಕಲ್ಲಿನ ಮೇಲೆ ಕೂತು ಮೀನಖಂಡ ನೀವಿಕೊಳ್ಳುತ್ತಿದ್ದಾಳೆ. ಹುಲ್ಲಿನಾಚೆ ಎಲ್ಲೋ ಚುರುಕಾದ ಸಿಳ್ಳೆ, ಓಟಕ್ಕೆ ಹೆಸರು ಕೊಟ್ಟ ಪ್ರಾಣಿ ತನ್ನವರನ್ನು ಎಚ್ಚರಿಸುತ್ತಿದೆ.

ಟೂರ್ ದ ಫ್ರಾನ್ಸ್ ಈ ಬೆಟ್ಟಕ್ಕೆ ಮೊದಲು ಬಂದದ್ದು 1911ರಲ್ಲಿ. ಮೊದಲು ನೆತ್ತಿ ಮುಟ್ಟಿದವನು ಎಮಿಲ್ ಜೋರ್ಜೆ. ಆಗ ಇದು ಮಣ್ಣಿನ ದಾರಿ, ಈಗಿನ ಗೇರುಗಳೂ ಇರಲಿಲ್ಲ. ಮೊದಲೆಲ್ಲ ದಾರಿ ನೆತ್ತಿಯ ಕೆಳಗಿನ ಸುರಂಗ ಹೊಕ್ಕು ಆಚೆ ಹೋಗುತ್ತಿತ್ತು. 1976ರಲ್ಲಿ ಸುರಂಗ ಶಿಥಿಲವಾಗಿ ಮುಚ್ಚಿದಾಗ ಅದರ ಮೇಲೆ ಹೊಸ ರಸ್ತೆ ಎಳೆದರು. ಸುರಂಗ ಆಮೇಲೆ ದುರಸ್ತಿಯಾಗಿ ಕಾರುಗಳಿಗೆ ತೆರೆಯಿತು, ಸೈಕಲಿನವರಿಗೆ ಮೇಲಿನ ದಾರಿಯೇ ಗತಿಯಾಯಿತು. ಆ ಕೊನೆಯ ಕಿಲೋಮೀಟರ್ ಎಲ್ಲಕ್ಕಿಂತ ಕಡಿದು. ಎಂಜಿನಿಯರುಗಳ ಅಂದಿನ ಒಂದು ತೀರ್ಮಾನಕ್ಕೆ ಇಂದಿಗೂ ನಮ್ಮ ತೊಡೆಗಳು ಕಂದಾಯ ಕಟ್ಟುತ್ತಿವೆ.

ಆಚೆ ಬದಿಯ ಇಳಿಜಾರಿನಲ್ಲಿ, ಸುರಂಗದ ಬಾಯಿಯ ಹತ್ತಿರ, ಟೂರ್ ಹುಟ್ಟುಹಾಕಿದ ಆಂರಿ ದೆಗ್ರಾಂಜ್ ಸ್ಮಾರಕ. ಚಳಿಗೆ ಹಲ್ಲು ಕಟಕಟ ಎನ್ನುವಾಗ ಅದನ್ನು ನೋಡುವವರು ಕಡಿಮೆ. ಲೋತಾರೆ ಕಣಿವೆಬಾಯಿ ದಾಟಿದ ಮೇಲೆ ಎಡಗಡೆ ಮೇಜ್ ಶಿಖರದ ಹಿಮನದಿ, ಲಾ ಗ್ರಾವ್ ಊರಿನ ಚಾವಣಿಗಳು, ಆಮೇಲೆ ಒಂದರ ಹಿಂದೊಂದು ಸುರಂಗ. ಬಿಸಿಲಿನಿಂದ ಏಕಾಏಕಿ ಕತ್ತಲೆಗೆ ನುಗ್ಗಿದಾಗ ಒಂದು ಗಳಿಗೆ ರಸ್ತೆಯೇ ಕಾಣದು, ಮುಂದಿನವನ ಕೆಂಪು ದೀಪ ನಂಬಿಕೊಂಡು ಹೋಗಬೇಕು. ಸುಮಾರು 1,900 ಮೀಟರ್ ಕೆಳಗಿಳಿಯುವ ಹೊತ್ತಿಗೆ ಕುತ್ತಿಗೆ, ಹೆಗಲು, ಬ್ರೇಕ್ ಹಿಡಿದ ಬೆರಳು ಎಲ್ಲ ಸೆಟೆದಿರುತ್ತವೆ.

ಇಳಿದು ಬಂದ ಊರು ಯಾವುದು? ಬೂರ್ ದ್ವಾಜಾಂ. ಬೆಳಗ್ಗೆ ಹೊರಟದ್ದೇ ಊರು. ಈ ದಾರಿಯನ್ನು ಹೆಣೆದವರ ಕ್ರೌರ್ಯ ಇರುವುದು ಗಾಲಿಬಿಯೇಯಲ್ಲಿ ಅಲ್ಲ, ಇಲ್ಲಿ. ನೂರಾ ಅರವತ್ತು ಕಿಲೋಮೀಟರ್ ಆದ ಮೇಲೆ ನಿಮ್ಮನ್ನು ನಿಮ್ಮ ಹೋಟೆಲಿನ ಹತ್ತಿರಕ್ಕೆ ತಂದು ನಿಲ್ಲಿಸಿ, ಊರ ಅಂಚಿನಲ್ಲೊಂದು ರಸ್ತೆ ತೋರಿಸುತ್ತಾರೆ: ಆಲ್ಪ್ ದುಯೆಜ್, 13.8 ಕಿ.ಮೀ., ಸರಾಸರಿ ನೂರಕ್ಕೆ ಎಂಟರ ಏರು. ಕಣಿವೆ ಕಾದು ಕೂತಿದೆ. ಜೊತೆಗಾರ ಕಾಲು ಕೆಳಗಿಟ್ಟು ಹೇಳಿದ: “ಲೋ, ರೂಮು ಇಲ್ಲೇ ಕಣೋ. ಸ್ನಾನ ಮಾಡ್ಕೊಂಡು ಮಲಗಿದ್ರೆ ಯಾರ್ ಕೇಳ್ತಾರೆ?”

“ನಿಮ್ಮಮ್ಮ ಕೇಳ್ತಾರೆ. ಊರಿಗೆಲ್ಲ ಹೇಳ್ಕೊಂಡ್ ಬಂದಿದೀಯ.”

ಅವನು ಬಾಟಲಿಯ ನೀರನ್ನು ತಲೆಗೆ ಸುರಿದುಕೊಂಡು ಪೆಡಲು ತುಳಿದ.

ಇಲ್ಲಿ ಇಪ್ಪತ್ತೊಂದು ತಿರುವು, ಎಣಿಕೆ ಕೆಳಗಿನಿಂದ ಮೇಲಕ್ಕೆ ಇಳಿಯುತ್ತದೆ. ಪ್ರತಿ ತಿರುವಿನಲ್ಲೂ ಫಲಕ, ಅದರಲ್ಲಿ ಟೂರ್‌ನಲ್ಲಿ ಈ ಬೆಟ್ಟ ಗೆದ್ದವರ ಹೆಸರು. ಇಪ್ಪತ್ತೊಂದನೆಯದರಲ್ಲಿ 1952ರ ಮೊದಲ ವಿಜೇತ ಫೌಸ್ಟೊ ಕೊಪ್ಪಿ. ಗೆದ್ದವರು ಇಪ್ಪತ್ತೊಂದಕ್ಕಿಂತ ಹೆಚ್ಚಾದ ಮೇಲೆ ಕೆಲವು ಫಲಕಕ್ಕೆ ಎರಡೆರಡು ಹೆಸರು. 1997ರಲ್ಲಿ ಮಾರ್ಕೊ ಪಾಂತಾನಿ ಇದನ್ನು 37 ನಿಮಿಷ ಚಿಲ್ಲರೆಯಲ್ಲಿ ಹತ್ತಿದನೆನ್ನುತ್ತಾರೆ. ಆ ಕಾಲದ ಸೈಕಲ್ ರೇಸಿನಲ್ಲಿ ಯಾರ ರಕ್ತದಲ್ಲಿ ಏನಿತ್ತೋ. ಅಂಕಿಯನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು. ನಮ್ಮಂಥವರಿಗೆ ಒಂದೂವರೆ ಗಂಟೆ, ಎರಡು ಗಂಟೆ. ಆದರೂ ಟಾರು ಅದೇ, ತಿರುವು ಅದೇ. ಗಲ್ಲಿ ಕ್ರಿಕೆಟ್ ಆಡುವವನನ್ನು ಚಿನ್ನಸ್ವಾಮಿ ಅಂಗಳದ ಪಿಚ್ಚಿಗೆ ಯಾರೂ ಬಿಡುವುದಿಲ್ಲ. ಸೈಕಲಿನಲ್ಲಿ ಕೊಪ್ಪಿ ಬೆವರಿದ ಜಾಗದಲ್ಲೇ ನಾವೂ ಬೆವರಬಹುದು, ಟಿಕೆಟ್ ಇಲ್ಲದೆ.

ಎಲ್ಲಕ್ಕಿಂತ ಕಡಿದು ಮೊದಲ ಕೆಲವು ತಿರುವು. ಏಳನೆಯದು ಡಚ್ಚರ ತಿರುವು. 1976ರಿಂದ 1989ರ ಒಳಗೆ ಅವರ ದೇಶದವರು ಇಲ್ಲಿ ಎಂಟು ಸಲ ಗೆದ್ದರು. ಮೇಲೆ, ಗೆರೆ ದಾಟಿದ ಕೂಡಲೇ ಜನ ಸೈಕಲ್ಲಿಗೆ ಒರಗಿ ನಿಲ್ಲುತ್ತಾರೆ, ಆಮೇಲೆ ನೂಡಲ್ಸಿನಂಥ ಪಾಸ್ತಾ ಕೊಡುವ ಸಾಲು ಹುಡುಕುತ್ತಾರೆ. ಬೆಳಗ್ಗೆ ದಾಟಿ ಹೋದ ಅಜ್ಜ ಚಿನ್ನದ ಪ್ರಮಾಣಪತ್ರ ಹಿಡಿದು ಕೂತಿದ್ದ. ಅದಕ್ಕೆ ಕೊಡುವ ಸಮಯ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ.

ರೂಮು ಕೆಳಗಿದ್ದುದರಿಂದ ಹತ್ತಿದ ಇಪ್ಪತ್ತೊಂದು ತಿರುವುಗಳನ್ನೂ ಮತ್ತೆ ಇಳಿಯಬೇಕಾಯಿತು. ಎದುರಿಗೆ ಇನ್ನೂ ಜನ ಹತ್ತುತ್ತಲೇ ಇದ್ದರು. ಹದಿನಾರನೇ ತಿರುವಿನಲ್ಲಿ ನಿಂತು ಏದುಸಿರು ಬಿಡುತ್ತಿದ್ದವನೊಬ್ಬ ನಮ್ಮನ್ನು ಕೈಸನ್ನೆಯಿಂದ ತಡೆದು, ಮೇಲೆ ಊಟ ಉಳಿದಿದೆಯೇ ಎಂದು ಹರುಕು ಇಂಗ್ಲಿಷಿನಲ್ಲಿ ಕೇಳಿದ. ಬೇಕಾದಷ್ಟಿದೆ ಅಂದೆವು. ಸಾಸು ಖಾಲಿಯಾಗಿತ್ತು, ಅದನ್ನು ಹೇಳಲಿಲ್ಲ.